ಗೇಟು ಮುಚ್ಚಿದ ದಿನವೇ ಪಾಸಿನ ದಿನಗಳ ಎಣಿಕೆಯೂ ನಿಲ್ಲಲಿ: ಥೀಮ್ ಪಾರ್ಕ್ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಥೀಮ್ ಪಾರ್ಕ್ ನಡೆಸುವ ಕಂಪನಿಗಳ ಆಡಳಿತದವರಿಗೆ, ಮತ್ತು ಗ್ರಾಹಕರ ಹಕ್ಕು ಕಾಯಬೇಕಾದ ಇಲಾಖೆಗಳ ಅಧಿಕಾರಿಗಳಿಗೆ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನೀವು ಮಾರುವ ವಾರ್ಷಿಕ ಪಾಸಿನ ಷರತ್ತುಗಳಲ್ಲಿ ಒಂದು ಪ್ಯಾರಾ ಸೇರಿಸಿ ಅಂತ ಕೇಳುವುದಕ್ಕೆ ಈ ಪತ್ರ. ಸಾಂಕ್ರಾಮಿಕ ರೋಗವೋ, ಸರ್ಕಾರದ ಆದೇಶವೋ, ಕಾರಣ ಏನೇ ಇರಲಿ, ಪಾರ್ಕು ತಿಂಗಳುಗಟ್ಟಲೆ ಮುಚ್ಚಿದರೆ ಪಾಸು ಇಟ್ಟುಕೊಂಡವರಿಗೆ ಏನು ಸಿಗುತ್ತದೆ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಗೇಟು ಮುಚ್ಚಿದ ದಿನವೇ ಪಾಸಿನ ದಿನಗಳ ಎಣಿಕೆ ನಿಲ್ಲಬೇಕು. ತಿಂಗಳ ಕಂತು ತಾನಾಗಿಯೇ ನಿಲ್ಲಬೇಕು. ಉಳಿದ ದಿನಗಳಿಗೆ ದುಡ್ಡು ವಾಪಸ್ ಬೇಕಾ, ಇಲ್ಲ ಆ ದಿನಗಳನ್ನು ಮುಂದಕ್ಕೆ ಹಾಕಿಕೊಡಬೇಕಾ ಅನ್ನುವುದನ್ನು ಪಾಸು ಕೊಂಡವರೇ ತೀರ್ಮಾನಿಸಬೇಕು.

ಕೊರೊನಾ ಮುಗಿದು ವರ್ಷಗಳಾದವು, ಈಗ ಯಾಕೆ ಈ ಮಾತು ಅಂತ ನೀವು ಕೇಳಬಹುದು. ಪಾರ್ಕುಗಳು ತೆರೆದಿರುವಾಗ, ಎಲ್ಲರೂ ಸಮಾಧಾನವಾಗಿರುವಾಗ ಬರೆದರೆ ಮಾತ್ರ ಇಂಥ ನಿಯಮ ನ್ಯಾಯವಾಗಿರುತ್ತದೆ. ಬಾಗಿಲು ಹಾಕಿದ ಮೇಲೆ, ಬ್ಯಾಂಕಿನಲ್ಲಿ ದುಡ್ಡು ಕರಗುತ್ತಿರುವಾಗ, ಕಂಪನಿ ಬರೆಯುವ ನಿಯಮ ಕಂಪನಿಯ ಕಡೆಗೇ ವಾಲುತ್ತದೆ. 2020ರಲ್ಲಿ ಆಗಿದ್ದೂ ಅದೇ.

ಆ ವರ್ಷದ ಶುರುವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಜನವರಿ 25ಕ್ಕೆ ಶಾಂಘೈ ಡಿಸ್ನಿಲ್ಯಾಂಡ್ ಮುಚ್ಚಿತು. ಮಾರನೇ ದಿನ ಹಾಂಗ್‌ಕಾಂಗಿನದು. ಫೆಬ್ರವರಿ 29ಕ್ಕೆ ಟೋಕಿಯೊದ್ದು. ಮಾರ್ಚ್ 14ಕ್ಕೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್, ಆಮೇಲೆ ಪ್ರಪಂಚದ ಹೆಚ್ಚುಕಮ್ಮಿ ಎಲ್ಲ ದೊಡ್ಡ ಪಾರ್ಕುಗಳು. ಮೊದಲು ಎರಡು ವಾರ ಅಂದರು. ಆಮೇಲೆ ಮುಂದಿನ ಆದೇಶದವರೆಗೆ ಅಂದರು. ಕ್ಯಾಲಿಫೋರ್ನಿಯಾದ ಆ ಪಾರ್ಕು 1955ರಿಂದ ನಡೆಯುತ್ತಿದೆ. ಅಷ್ಟು ವರ್ಷಗಳಲ್ಲಿ ಅದು ಇದ್ದಕ್ಕಿದ್ದಂತೆ ಮುಚ್ಚಿದ್ದು 1963ರಲ್ಲಿ ಅಧ್ಯಕ್ಷ ಕೆನಡಿ ಹತ್ಯೆಯಾದಾಗ, 2001ರ ಸೆಪ್ಟೆಂಬರ್ 11ರಂದು, ಇಂಥ ಬೆರಳೆಣಿಕೆಯ ಸಂದರ್ಭಗಳಲ್ಲಿ ಮಾತ್ರ. ಈ ಸಲ ಅದು ಮತ್ತೆ ತೆರೆದಿದ್ದು 2021ರ ಏಪ್ರಿಲ್ 30ಕ್ಕೆ. 13 ತಿಂಗಳಿಗೂ ಜಾಸ್ತಿ. ಅಂದರೆ ಮಾರ್ಚ್ ಶುರುವಿನಲ್ಲಿ ಪಾಸು ಕೊಂಡ ಒಬ್ಬರು ಒಂದು ಸಲವೂ ಒಳಗೆ ಕಾಲಿಡದೆ ಅವರ ಇಡೀ ವರ್ಷ ಮುಗಿದುಹೋಗಬಹುದಿತ್ತು. ಇಂಥ ಪರಿಸ್ಥಿತಿ ಬರುತ್ತದೆ ಅಂತ ಯಾವ ಪಾಸಿನ ಷರತ್ತಿನಲ್ಲೂ ಯೋಚನೆ ಮಾಡಿರಲಿಲ್ಲ. ಆಗ ಯೋಚಿಸಿರಲಿಲ್ಲ ಅನ್ನುವುದನ್ನು ಕ್ಷಮಿಸಬಹುದು. ಈಗಲೂ ಯೋಚಿಸದಿದ್ದರೆ ಕ್ಷಮಿಸುವುದು ಕಷ್ಟ.

ಪಾಸು ಅಂದರೆ ಏನು ಅನ್ನುವುದರಿಂದಲೇ ಶುರುಮಾಡೋಣ. ಟಿಕೆಟ್ ತೆಗೆದುಕೊಂಡವರು ಅವತ್ತೇ ಒಳಗೆ ಹೋಗಿ ಅವತ್ತೇ ಬರುತ್ತಾರೆ, ವ್ಯವಹಾರ ಮುಗಿಯಿತು. ಪಾಸು ಕೊಂಡವರು ಇನ್ನೂ ಸಿಗದ ದಿನಗಳಿಗೆ ಮುಂಗಡ ದುಡ್ಡು ಕೊಟ್ಟಿರುತ್ತಾರೆ. ಅದರಿಂದ ನಿಮಗೂ ಲಾಭ ಇದೆ. ಜನ ಕಡಿಮೆ ಇರುವ ತಿಂಗಳಲ್ಲೂ ಕೈಯಲ್ಲಿ ದುಡ್ಡು ಓಡಾಡುತ್ತದೆ. ಪಾಸಿನವರು ಮತ್ತೆ ಮತ್ತೆ ಬಂದು ಪಾರ್ಕಿಂಗಿಗೆ, ಊಟಕ್ಕೆ, ಮಕ್ಕಳ ಆಟಿಕೆಗೆ ಖರ್ಚು ಮಾಡುತ್ತಾರೆ. ಮಳೆ ಬಂದ ದಿನ, ವಾರದ ನಡುವಿನ ಖಾಲಿ ದಿನ, ಪಾರ್ಕಿನಲ್ಲಿ ಜನ ಇದ್ದಾರೆ ಅನ್ನಿಸುವುದು ಬಹಳ ಸಲ ಅವರಿಂದಲೇ.

ನಿಮ್ಮ ಲೆಕ್ಕಪತ್ರ ನೋಡುವವರನ್ನೇ ಕೇಳಿ ನೋಡಿ. ಪಾಸಿನ ದುಡ್ಡು ಕೈಗೆ ಬಂದ ದಿನವೇ ಅದು ಕಂಪನಿಯ ಆದಾಯ ಆಗುವುದಿಲ್ಲ. ಮೊದಲು ಅದನ್ನು ಹೊಣೆ ಅಂತ ಬರೆದಿಡುತ್ತಾರೆ, ಗ್ರಾಹಕರಿಗೆ ಇನ್ನೂ ಸೇವೆ ಕೊಡುವುದು ಬಾಕಿ ಇದೆ ಅಂತ. ಸೇವೆ ಕೊಡುತ್ತಾ ಹೋದ ಹಾಗೆ ಸ್ವಲ್ಪ ಸ್ವಲ್ಪವಾಗಿ ಆದಾಯದ ಕಡೆಗೆ ಸರಿಸುತ್ತಾರೆ. ಷೇರುದಾರರಿಗೆ ತೋರಿಸುವ ಪುಸ್ತಕದಲ್ಲಿ ಈ ದುಡ್ಡು ಇನ್ನೂ ನಾವು ದುಡಿದದ್ದಲ್ಲ ಅಂತ ನೀವೇ ಬರೆದಿರುತ್ತೀರಿ. ಹಾಗಿದ್ದ ಮೇಲೆ, ಅದೇ ದುಡ್ಡನ್ನು ವಾಪಸ್ ಕೇಳಿದ ಗ್ರಾಹಕರಿಗೆ ಇದು ಹಿಂದಿರುಗಿಸುವ ಹಣವಲ್ಲ ಅಂತ ಹೇಗೆ ಹೇಳುತ್ತೀರಿ? ಈ ಪ್ರಶ್ನೆಗೆ ಒಂದು ನೇರ ಉತ್ತರ ಕೊಡಿ. ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವುದು ಇದೇ.

ಇನ್ನು ತಿಂಗಳ ಕಂತಿನ ವಿಷಯ. ಇಲ್ಲಿ ನನಗೆ ಸಿಟ್ಟು ಜಾಸ್ತಿ. ಪೂರ್ತಿ ದುಡ್ಡು ಒಂದೇ ಸಲ ಕೊಡಲು ಆಗದವರೇ ಹೆಚ್ಚಾಗಿ ಕಂತಿನಲ್ಲಿ ಪಾಸು ತೆಗೆದುಕೊಳ್ಳುವುದು. ಸಾಂಕ್ರಾಮಿಕದ ಹೊತ್ತಿನಲ್ಲಿ ಸಂಬಳ ನಿಂತಿದ್ದೂ ಕೆಲಸ ಹೋಗಿದ್ದೂ ಜಾಸ್ತಿ ಅಂಥವರಿಗೇ. ಅಂಥವರ ಖಾತೆಯಿಂದ, ಬೀಗ ಬಿದ್ದ ಪಾರ್ಕಿಗೆ, ಪ್ರತಿ ತಿಂಗಳು ದುಡ್ಡು ಕಡಿತವಾಗುತ್ತಾ ಹೋಯಿತು. ನಾನು ಪಾಸು ಇಟ್ಟುಕೊಂಡಿದ್ದ ಪಾರ್ಕಿನಲ್ಲೂ ಹಾಗೇ ಆಯಿತು. ಅದರ ಹೆಸರು ಇಲ್ಲಿ ಬೇಡ, ಏಕೆಂದರೆ ಒಂದು ಪಾರ್ಕಿನ ಮೇಲೆ ದೂರು ಹಾಕುವುದು ನನ್ನ ಉದ್ದೇಶವಲ್ಲ. ಫೋನ್ ಮಾಡಿದರೆ ಕಾಯಿರಿ ಅನ್ನುವ ಧ್ವನಿ, ಮೇಲ್ ಹಾಕಿದರೆ ಎಲ್ಲರಿಗೂ ಕಳಿಸುವ ಒಂದೇ ಉತ್ತರ. ಕೊನೆಗೆ ತಿಳಿದಿದ್ದು ಇಷ್ಟು: ಕಂತು ನಿಲ್ಲಿಸಬೇಕು ಅಂದರೆ ನಾವೇ ಅರ್ಜಿ ಹಾಕಬೇಕು, ಹಾಕದಿದ್ದರೆ ನಾವು ಒಪ್ಪಿಕೊಂಡ ಹಾಗೆ. ಅಂದರೆ ಪಾರ್ಕು ಮುಚ್ಚಿದವರು ನೀವು, ಅರ್ಜಿ ಹಾಕಬೇಕಾದವರು ನಾವು. ಮನೆಗೆ ಬೀಗ ಹಾಕಿ ಕೀಲಿ ತಾವೇ ಇಟ್ಟುಕೊಂಡು ಬಾಡಿಗೆ ಮಾತ್ರ ತಪ್ಪದೆ ವಸೂಲು ಮಾಡುವ ಮಾಲೀಕರನ್ನು ಯಾರಾದರೂ ಒಪ್ಪುತ್ತಾರಾ?

ಇದು ನನ್ನೊಬ್ಬರ ಗೋಳಲ್ಲ. 2020ರ ಏಪ್ರಿಲ್‌ನಲ್ಲೇ ಅಮೆರಿಕದಲ್ಲಿ ಸಿಕ್ಸ್ ಫ್ಲಾಗ್ಸ್ ಮತ್ತು ಸೀವರ್ಲ್ಡ್ ಕಂಪನಿಗಳ ಮೇಲೆ, ಪಾರ್ಕು ಮುಚ್ಚಿದ ಮೇಲೂ ತಿಂಗಳ ಶುಲ್ಕ ತೆಗೆದುಕೊಂಡಿದ್ದಕ್ಕೆ ಗ್ರಾಹಕರು ಮೊಕದ್ದಮೆ ಹೂಡಿದರು. ಡಿಸ್ನಿ ಕೂಡ ಮೊದಲ ಕೆಲವು ವಾರ ಕಂತು ತೆಗೆದುಕೊಂಡಿತು. ಆಮೇಲೆ ಜನರ ಕೂಗು ಜೋರಾದ ಮೇಲೆ ಏಪ್ರಿಲ್‌ನಲ್ಲಿ ವಸೂಲಿ ನಿಲ್ಲಿಸಿ, ಮಾರ್ಚ್ 14ರಿಂದ ಆಗಿನವರೆಗೆ ತೆಗೆದುಕೊಂಡಿದ್ದನ್ನು ವಾಪಸ್ ಮಾಡುವುದಾಗಿ ಹೇಳಿತು. ಅಲ್ಲಿಗೆ ಒಂದು ವಿಷಯ ಸಾಬೀತಾಯಿತು ಅಲ್ವಾ? ಕಂತು ನಿಲ್ಲಿಸುವುದು ತಾಂತ್ರಿಕವಾಗಿ ಆಗದ ಕೆಲಸವಲ್ಲ. ಮನಸ್ಸು ಮಾಡಿದರೆ ಕೆಲವೇ ದಿನಗಳಲ್ಲಿ ಆಗುತ್ತದೆ. ಹಾಗಾದರೆ ಕೂಗು ಏಳುವವರೆಗೆ ಯಾಕೆ ಕಾಯಬೇಕು? ಮುಚ್ಚುವ ಪ್ರಕಟಣೆ ಹೊರಡಿಸಿದ ದಿನವೇ ನಿಲ್ಲಿಸಬಹುದು.

ದುಡ್ಡು ಕೊಡುವುದಿಲ್ಲ, ಮುಚ್ಚಿದಷ್ಟು ದಿನ ಪಾಸನ್ನು ಮುಂದಕ್ಕೆ ಹಾಕಿಕೊಡುತ್ತೇವೆ, ಲೆಕ್ಕ ಸರಿಹೋಯಿತಲ್ಲ ಅಂತ ಬಹಳಷ್ಟು ಕಂಪನಿಗಳು ಹೇಳಿದವು. ನಿಜ ಹೇಳಬೇಕೆಂದರೆ ಬಹಳ ಜನರಿಗೆ ಅದು ಸಾಕು. ನನಗೆ ಗೊತ್ತಿರುವ ಹೆಚ್ಚಿನ ಪಾಸಿನವರು ಖುಷಿಯಿಂದಲೇ ಒಪ್ಪಿಕೊಂಡರು. ಅಮೆರಿಕದಲ್ಲಿ ಹಲವು ಪಾರ್ಕು ನಡೆಸುತ್ತಿದ್ದ ಸೀಡರ್ ಫೇರ್ ಕಂಪನಿ 2020ರ ಪಾಸುಗಳನ್ನು 2021ರ ಇಡೀ ಸೀಸನ್‌ಗೂ ನಡೆಯುವ ಹಾಗೆ ಮಾಡಿತು, ಅದನ್ನು ಮೆಚ್ಚಲೇಬೇಕು. ಆದರೆ ಎಲ್ಲರಿಗೂ ಇದು ಸರಿಹೋಗುವುದಿಲ್ಲ, ಯಾಕೆ ಅಂತ ಸ್ವಲ್ಪ ತಾಳ್ಮೆಯಿಂದ ಕೇಳಿ. ಪಾಸಿನ ಎಲ್ಲ ದಿನಗಳಿಗೂ ಒಂದೇ ಬೆಲೆ ಇಲ್ಲ. ಮಕ್ಕಳ ಬೇಸಿಗೆ ರಜೆಗೆ ಅಂತಲೇ ಪಾಸು ಕೊಂಡವರಿಗೆ, ಶಾಲೆ ನಡೆಯುತ್ತಿರುವ ಚಳಿಗಾಲದ ತಿಂಗಳುಗಳನ್ನು ಸೇರಿಸಿಕೊಟ್ಟರೆ ದಿನಗಳ ಸಂಖ್ಯೆ ಸರಿಯಾಗಿರಬಹುದು, ಅವರಿಗೆ ಸಿಕ್ಕಿದ್ದು ಮಾತ್ರ ಏನೂ ಇಲ್ಲ. ಎಷ್ಟೋ ಪಾಸುಗಳಲ್ಲಿ ಹಬ್ಬ, ರಜೆಯ ದಿನಗಳಿಗೆ ಪ್ರವೇಶವೇ ಇರುವುದಿಲ್ಲ. ಮುಂದಕ್ಕೆ ಹಾಕಿದ ತಿಂಗಳುಗಳಲ್ಲಿ ಇಂಥ ನಿಷೇಧದ ದಿನಗಳೇ ಜಾಸ್ತಿ ಇದ್ದರೆ? ಮಕ್ಕಳಂತೂ ನಿಲ್ಲುವುದಿಲ್ಲ, ಬೆಳೆಯುತ್ತಾ ಹೋಗುತ್ತಾರೆ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 3 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಪಾಸು ಕೊಂಡಾಗ 2 ವರ್ಷದ ಮಗು ಪಾರ್ಕು ತೆರೆಯುವ ಹೊತ್ತಿಗೆ 3 ದಾಟಿರುತ್ತದೆ, ಈಗ ಅದಕ್ಕೂ ದುಡ್ಡು ಕೊಡಬೇಕು. ಕೆಲಸ ಕಳೆದುಕೊಂಡು ಬೇರೆ ಊರಿಗೆ ಹೋದವರು, ಕಾಯಿಲೆ ಬಿದ್ದವರು, ಮನೆಯಲ್ಲಿ ಯಾರನ್ನೋ ಕಳೆದುಕೊಂಡವರು ಇದ್ದಾರೆ. ನಾಲ್ಕು ಜನರ ಹೆಸರಿನಲ್ಲಿ ಪಾಸು ಮಾಡಿಸಿದ ಮನೆಯಲ್ಲಿ ಈಗ ಮೂರೇ ಜನ ಇದ್ದರೆ, ಆ ನಾಲ್ಕನೇ ಪಾಸನ್ನು ಎಷ್ಟು ತಿಂಗಳು ಮುಂದಕ್ಕೆ ಹಾಕಿದರೆ ಏನು ಬಂತು?

ಅದಕ್ಕೇ ಆಯ್ಕೆ ನಮ್ಮ ಕೈಯಲ್ಲಿರಲಿ ಅನ್ನುವುದು. ದಿನ ಬೇಕಾದವರಿಗೆ ದಿನ, ದುಡ್ಡು ಬೇಕಾದವರಿಗೆ ದುಡ್ಡು. ವೋಚರ್ ಕೊಟ್ಟು ಮುಗಿಸುವ ಹಾಗಿಲ್ಲ. ಪ್ರವಾಸದ ಬುಕಿಂಗ್‌ಗಳ ವಿಷಯದಲ್ಲಿ ಯುರೋಪ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ 2020ರ ಮೇ ತಿಂಗಳಲ್ಲೇ ಒಂದು ಶಿಫಾರಸು ಹೊರಡಿಸಿತ್ತು. ವೋಚರ್ ತೆಗೆದುಕೊಳ್ಳುವುದು ಗ್ರಾಹಕರ ಇಷ್ಟ, ಅದಕ್ಕೆ ಕನಿಷ್ಠ 12 ತಿಂಗಳ ಅವಧಿ ಇರಬೇಕು, ಬಳಸದೆ ಉಳಿದರೆ ದುಡ್ಡು ವಾಪಸ್ ಕೊಡಬೇಕು ಅಂತ. ಬ್ರಿಟನ್ನಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರವೂ ಅದೇ ವರ್ಷದ ಏಪ್ರಿಲ್ ಕೊನೆಗೆ, ಲಾಕ್‌ಡೌನ್‌ನಿಂದ ಸೇವೆ ಕೊಡಲು ಆಗದಿದ್ದರೆ ಸಾಮಾನ್ಯವಾಗಿ ಗ್ರಾಹಕರಿಗೆ ದುಡ್ಡು ವಾಪಸ್ ಸಿಗಬೇಕು ಅಂತ ತನ್ನ ನಿಲುವು ಹೇಳಿತು. ಅಧಿಕಾರಿಗಳೇ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ದಾರಿ ಇಲ್ಲ ಅನ್ನುವ ಹಾಗಿಲ್ಲ, ಬೇರೆಯವರು ನಡೆದ ದಾರಿ ಕಣ್ಣೆದುರೇ ಇದೆ.

ಅಧಿಕಾರಿಗಳನ್ನು ಕರೆಯುವುದಕ್ಕೆ ಇನ್ನೂ ಒಂದು ಕಾರಣ ಇದೆ. ಕೋರ್ಟಿಗೆ ಹೋದರೆ ನ್ಯಾಯ ಸಿಗುತ್ತದೆ ಅಂತ ಗ್ರಾಹಕರು ನಂಬಿಕೊಂಡು ಕೂರುವ ಹಾಗಿಲ್ಲ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಇದೇ ಸೀಡರ್ ಫೇರ್ ಕಂಪನಿಯ ಸೀಡರ್ ಪಾಯಿಂಟ್ ಪಾರ್ಕಿನ ಸೀಸನ್ ಪಾಸು ಕೊಂಡಿದ್ದ ಒಬ್ಬ ಗ್ರಾಹಕರು, 2020ರಲ್ಲಿ ಪಾರ್ಕು ಮುಚ್ಚಿದ್ದ ದಿನಗಳ ದುಡ್ಡು ವಾಪಸ್ ಕೊಡಿ ಅಂತ ಮೊಕದ್ದಮೆ ಹಾಕಿದರು. ಅದು ಆ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2022ರಲ್ಲಿ ತೀರ್ಪು ಬಂದಿದ್ದು ಕಂಪನಿಯ ಪರವಾಗಿ. ಪಾರ್ಕು ತೆರೆಯುವ ದಿನ, ಸಮಯ ಬದಲಾಗಬಹುದು ಅಂತ ಪಾಸಿನ ಷರತ್ತಿನಲ್ಲೇ ಬರೆದಿತ್ತು, ಹಾಗಾಗಿ ಕಂಪನಿ ಒಪ್ಪಂದ ಮುರಿದಿಲ್ಲ ಅನ್ನುವುದು ತೀರ್ಪಿನ ಸಾರ. ಕೋರ್ಟು ಒಪ್ಪಂದದಲ್ಲಿ ಬರೆದಿದ್ದನ್ನು ಓದಿ ತೀರ್ಪು ಕೊಟ್ಟಿದೆ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಅಂಥ ಸಾಲು ಬರೆಯುವುದು ಯಾವುದಕ್ಕೆ? ಗಾಳಿಮಳೆ ಬಂದು ಒಂದು ದಿನ ಮುಚ್ಚಬೇಕಾದೀತು, ಸಂಜೆ ಎರಡು ಗಂಟೆ ಮುಂಚೆ ನಿಲ್ಲಿಸಬೇಕಾದೀತು ಅಂತ. ಓದಿದವರಿಗೂ ಹಾಗೇ ಅರ್ಥವಾಗುತ್ತದೆ. ಆ ಒಂದು ಸಾಲಿನ ಕೆಳಗೆ ತಿಂಗಳುಗಟ್ಟಲೆ ಬೀಗವನ್ನೂ ಮುಚ್ಚಿಡಬಹುದು ಅಂತಾದರೆ, ಆ ಸಾಲನ್ನೇ ತಿದ್ದಬೇಕು. ತಿದ್ದುವುದು ಕೋರ್ಟಿನ ಕೆಲಸವಲ್ಲ. ಬರೆಯುವ ಕಂಪನಿ ತಿದ್ದಬೇಕು, ಅದು ಮಾಡದಿದ್ದರೆ ಇಲಾಖೆ ತಿದ್ದಿಸಬೇಕು.

ಪಾರ್ಕು ತೆರೆದ ಮೇಲಾದರೂ ಎಲ್ಲ ಸರಿಹೋಯಿತಾ? ಇಲ್ಲ. ಈ ಭಾಗವನ್ನು ಎಲ್ಲರೂ ಮರೆಯುತ್ತಾರೆ. ಗೇಟು ತೆರೆದ ದಿನದಿಂದ ಪಾಸಿನ ದಿನಗಳು ಮತ್ತೆ ಓಡತೊಡಗಿದವು, ಆದರೆ ಒಳಗೆ ಬಿಡುವುದು ಸ್ವಲ್ಪ ಜನರನ್ನು ಮಾತ್ರ, ಅದೂ ಮುಂಚೆಯೇ ದಿನ ಕಾದಿರಿಸಿದವರನ್ನು. ಸೋಂಕು ಹರಡದಿರಲಿ ಅಂತ ಮಾಡಿದ ನಿಯಮ, ಅದು ಸರಿಯೇ. ಆದರೆ ಪಾಸು ಇದೆ, ದಿನ ಸಿಗುತ್ತಿಲ್ಲ ಅಂದರೆ ಆ ದಿನವನ್ನು ನಮ್ಮ ಲೆಕ್ಕದಿಂದ ಕಳೆಯುವುದು ಯಾವ ನ್ಯಾಯ? ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ 2020ರ ಜುಲೈ 11ಕ್ಕೆ ತೆರೆದಾಗ ಮೆರವಣಿಗೆ ಇಲ್ಲ, ರಾತ್ರಿಯ ಪಟಾಕಿ ಪ್ರದರ್ಶನ ಇಲ್ಲ. ಪಟಾಕಿ ಮರಳಿ ಬರಲು ಸುಮಾರು ಒಂದು ವರ್ಷ ಬೇಕಾಯಿತು. ಕ್ಯಾಲಿಫೋರ್ನಿಯಾದ್ದು 2021ರಲ್ಲಿ ತೆರೆದಾಗ ಮೊದಲು ಒಳಗೆ ಬಿಟ್ಟಿದ್ದು ಆ ರಾಜ್ಯದಲ್ಲಿ ಇರುವವರನ್ನು ಮಾತ್ರ. ಹೊರಗಿನವರು ಜೂನ್ 15ರವರೆಗೆ ಕಾಯಬೇಕಾಯಿತು. ಹಾಂಗ್‌ಕಾಂಗ್ ಪಾರ್ಕಿನ ಕಥೆ ಇನ್ನೂ ಬೇರೆ. 2020ರ ಜೂನ್ 18ಕ್ಕೆ ತೆರೆಯಿತು, ಜುಲೈ 15ಕ್ಕೆ ಮುಚ್ಚಿತು, ಸೆಪ್ಟೆಂಬರ್ 25ಕ್ಕೆ ತೆರೆಯಿತು, ಡಿಸೆಂಬರ್ 2ಕ್ಕೆ ಮತ್ತೆ ಮುಚ್ಚಿ 2021ರ ಫೆಬ್ರವರಿ 19ಕ್ಕೆ ತೆರೆಯಿತು. ತೆರೆದಿದೆ, ಮುಚ್ಚಿದೆ ಅನ್ನುವುದು ಒಂದೇ ಸಲ ಆಗುವ ವಿಷಯವಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ನಿಯಮ ಬರೆಯುವಾಗ ಇದನ್ನೆಲ್ಲ ಸೇರಿಸಿ ಬರೆಯಬೇಕು. ಕಾದಿರಿಸಲು ಒಂದು ತಿಂಗಳಲ್ಲಿ ಒಂದು ದಿನವೂ ಸಿಗದಿದ್ದರೆ ಆ ತಿಂಗಳು ಮುಚ್ಚಿದ ಲೆಕ್ಕಕ್ಕೇ ಬರಬೇಕು. ಪ್ರಯಾಣಕ್ಕೆ ಸರ್ಕಾರವೇ ತಡೆ ಹಾಕಿ ಪಾಸಿನವರು ಬರಲು ಆಗದಿದ್ದರೂ ಅಷ್ಟೇ.

ಕಾದಿರಿಸುವ ಪದ್ಧತಿ ಪಾಸಿನ ಮಾತಿಗೆ ಹೇಗೆ ಅಡ್ಡ ಬರುತ್ತದೆ ಅನ್ನುವುದಕ್ಕೆ ದಾಖಲಾದ ಉದಾಹರಣೆಯೇ ಇದೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 2021ರ ಜನವರಿಯಲ್ಲಿ ತನ್ನ ಹಳೆಯ ವಾರ್ಷಿಕ ಪಾಸು ಯೋಜನೆಯನ್ನೇ ಮುಚ್ಚಿ, ಉಳಿದ ಅವಧಿಗೆ ತಕ್ಕಷ್ಟು ದುಡ್ಡು ವಾಪಸ್ ಕೊಡಲು ಮುಂದಾಯಿತು. ಆ ಕೆಲಸ ನನಗೆ ಸರಿ ಅನ್ನಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮ್ಯಾಜಿಕ್ ಕೀ ಅಂತ ಹೊಸ ಯೋಜನೆ ತಂದಿತು. ಅದರಲ್ಲಿ 1,399 ಡಾಲರಿನ ಡ್ರೀಮ್ ಕೀ ಅನ್ನುವ ಪಾಸಿಗೆ ಯಾವ ದಿನವೂ ನಿಷೇಧ ಇಲ್ಲ ಅಂತ ಹೇಳಿ ಮಾರಿದರು. ಕಾದಿರಿಸಲು ಹೋದರೆ ಎಷ್ಟೋ ದಿನ ಕೀ ಇರುವವರಿಗೆ ಜಾಗ ಇಲ್ಲ, ಅದೇ ದಿನಕ್ಕೆ ಬಿಡಿ ಟಿಕೆಟ್ ಮಾತ್ರ ಸಿಗುತ್ತಿದೆ ಅನ್ನುವುದು ಮೊಕದ್ದಮೆ ಹೂಡಿದವರ ದೂರು. ಕಂಪನಿ ತಪ್ಪು ಒಪ್ಪಲಿಲ್ಲ, ಆದರೆ 2023ರಲ್ಲಿ 95 ಲಕ್ಷ ಡಾಲರಿಗೆ ರಾಜಿ ಆಯಿತು. ಒಂದು ಸಾಲು ಸ್ಪಷ್ಟವಾಗಿ ಬರೆದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಈಗ ನಿಮ್ಮ ಕಡೆಯ ಮಾತಿಗೆ ಬರುತ್ತೇನೆ. ಎಲ್ಲರೂ ಒಟ್ಟಿಗೆ ದುಡ್ಡು ವಾಪಸ್ ಕೇಳಿದರೆ ಕಂಪನಿ ಮುಳುಗುತ್ತದೆ, ಕೆಲಸದವರಿಗೆ ಸಂಬಳ ಎಲ್ಲಿಂದ ಕೊಡುವುದು ಅನ್ನುತ್ತೀರಿ. ಈ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ರೈಡ್ ನಡೆಸುವವರು, ಸ್ವಚ್ಛ ಮಾಡುವವರು, ವೇಷ ಹಾಕಿ ಬಿಸಿಲಲ್ಲಿ ನಿಲ್ಲುವವರು, ಇವರನ್ನೆಲ್ಲ ಪದೇ ಪದೇ ಬರುವ ನಮ್ಮಂಥವರು ಮುಖ ನೋಡಿ ಗುರುತು ಹಿಡಿಯುತ್ತೇವೆ. 2020ರ ಸೆಪ್ಟೆಂಬರ್ ಕೊನೆಗೆ ಡಿಸ್ನಿ 28,000 ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದ ಸುದ್ದಿ ಓದಿದಾಗ ನನಗೆ ಪಾಸಿನ ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಅದಕ್ಕೇ. ಆದರೆ ಯೋಚಿಸಿ ನೋಡಿ, ಪಾಸಿನ ದುಡ್ಡು ಹಿಡಿದಿಟ್ಟುಕೊಂಡ ಕಂಪನಿಗಳೂ ಜನರನ್ನು ಮನೆಗೆ ಕಳಿಸಿದವು. ಹಿಡಿದಿಟ್ಟ ದುಡ್ಡು ಕೆಲಸದವರಿಗೇ ಹೋಗುತ್ತದೆ ಅಂತ ಯಾರೂ ಬರೆದುಕೊಡಲಿಲ್ಲ. ನಮ್ಮಿಂದ ಸಹಾಯ ಬೇಕಿದ್ದರೆ ಕೇಳಿ. ದುಡ್ಡು, ದಿನ ಅನ್ನುವ ಎರಡು ಆಯ್ಕೆಗಳ ಪಕ್ಕದಲ್ಲಿ ಮೂರನೆಯದೂ ಇರಲಿ: ನನ್ನ ಪಾಲಿನ ಹಣವನ್ನು ಮನೆಯಲ್ಲಿ ಕೂತಿರುವ ನೌಕರರ ನೆರವಿಗೆ ಕೊಡಿ ಅಂತ. ಆ ದುಡ್ಡು ಎಲ್ಲಿಗೆ ಹೋಯಿತು ಅಂತ ಲೆಕ್ಕವನ್ನೂ ಕೊಡಿ. ಎಷ್ಟು ಜನ ಅದನ್ನು ಆರಿಸಿಕೊಳ್ಳುತ್ತಾರೆ ನೋಡಿ. ನಾನಂತೂ ಆರಿಸಿಕೊಳ್ಳುತ್ತಿದ್ದೆ. ಕೇಳದೆ ಇಟ್ಟುಕೊಂಡಿದ್ದಕ್ಕೆ ಸಿಟ್ಟು ಬಂದಿದ್ದೇ ಹೊರತು ಕೊಡುವುದಕ್ಕೆ ನಮಗೆ ಮನಸ್ಸಿಲ್ಲ ಅಂತ ಅಲ್ಲ.

ಸಣ್ಣ ವಿಷಯಗಳು ಕೆಲವಿವೆ, ಅವನ್ನೂ ಬರೆದುಬಿಡುತ್ತೇನೆ, ಏಕೆಂದರೆ ಜಗಳ ಆಗುವುದು ಅಲ್ಲೇ. ಪಾರ್ಕು ಮುಚ್ಚಿದ್ದಾಗ ಅವಧಿ ಮುಗಿದ ಪಾಸನ್ನು ಮುಗಿದಿದೆ ಅಂತ ತಳ್ಳಬೇಡಿ, ಮುಚ್ಚಿದ ದಿನ ಎಷ್ಟು ಬಾಕಿ ಇತ್ತೋ ಅಷ್ಟು ಉಳಿಯಬೇಕು. ಕೊಂಡು ಇನ್ನೂ ಒಂದು ಸಲವೂ ಬಳಸದ ಪಾಸಿಗೆ ಪೂರ್ತಿ ದುಡ್ಡು ವಾಪಸ್ ಸಿಗಬೇಕು. ಪಾಸಿನ ಅವಧಿ ಮುಗಿದ ಕೂಡಲೇ ತಾನಾಗಿ ನವೀಕರಣವಾಗುವ ಪದ್ಧತಿ ಇದ್ದರೆ ಮುಚ್ಚಿದಷ್ಟು ಕಾಲ ಅದೂ ನಿಲ್ಲಬೇಕು. ದುಡ್ಡು ಬೇಕಾ ದಿನ ಬೇಕಾ ಅಂತ ಹೇಳಲು ವಾರ ಎರಡು ವಾರದ ಗಡುವು ಇಡಬೇಡಿ, ಆಸ್ಪತ್ರೆಯಲ್ಲಿರುವವರು ಮೇಲ್ ನೋಡುತ್ತಾ ಕೂತಿರುವುದಿಲ್ಲ. ಪಾರ್ಕು ತೆರೆದು ಮೂರು ತಿಂಗಳವರೆಗಾದರೂ ಅವಕಾಶ ಇರಲಿ. ದುಡ್ಡು ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ಹೋಗಲಿ. ಮತ್ತೆ, ಇದನ್ನೆಲ್ಲ ಷರತ್ತುಗಳ ನಲವತ್ತನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಬೇಡಿ. ಪಾಸಿನ ಬೆಲೆ ಎಲ್ಲಿ ಬರೆದಿದ್ದೀರೋ ಅದರ ಕೆಳಗೇ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿ.

ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮುಂಗಡ ದುಡ್ಡು ಪಡೆದು ವರ್ಷದ ಪಾಸು ಮಾರುವ ಯಾವ ಕಂಪನಿಯೂ, ಮುಚ್ಚಿದಾಗ ಏನು ಮಾಡುತ್ತೇವೆ ಅನ್ನುವ ಪ್ಯಾರಾ ಇಲ್ಲದೆ ಮಾರುವ ಹಾಗಿಲ್ಲ ಅಂತ ಆದೇಶ ಮಾಡಿ. ಜಿಮ್, ಈಜುಕೊಳ, ಮೃಗಾಲಯ, ಮ್ಯೂಸಿಯಂ ಪಾಸುಗಳಿಗೂ ಇದೇ ನಿಯಮ ಹೊಂದುತ್ತದೆ.

ಕಂಪನಿಯವರೇ, ನಿಮ್ಮ ಉತ್ತರವನ್ನು ಖಾಸಗಿ ಮೇಲ್‌ನಲ್ಲಿ ಕಳಿಸಬೇಡಿ, ಪಾಸು ಮಾರುವ ಪುಟದಲ್ಲೇ ಹಾಕಿ. ನನ್ನ ಪಾಸಿನ ನವೀಕರಣಕ್ಕೆ ಮೇಲ್ ಬಂದಿದೆ. ಆ ಪುಟದಲ್ಲಿ ಈ ಪ್ಯಾರಾ ಕಾಣಿಸಿದ ದಿನ ದುಡ್ಡು ಕಟ್ಟುತ್ತೇನೆ. ಅಲ್ಲಿಯವರೆಗೆ ಒಂದೊಂದು ದಿನದ ಟಿಕೆಟ್ ತೆಗೆದುಕೊಂಡೇ ಬರುತ್ತೇನೆ.

ಇಂತಿ,
ಹಲವು ವರ್ಷಗಳಿಂದ ವಾರ್ಷಿಕ ಪಾಸು ಇಟ್ಟುಕೊಂಡಿರುವ ಒಬ್ಬ ಗ್ರಾಹಕ